ಮೈಸೂರಿಗೆ ಒಬ್ಬರೇ ಬರ್ತಿದ್ದೀರಾ? ಮನೆಗೆ ಮುಂಚೆ ದಿಕ್ಕು ನೋಡಿ

[ದೃಶ್ಯ: ಬೆಳಗಿನ ಸಿಟಿ ಬಸ್ ಸ್ಟ್ಯಾಂಡ್]

ನಮಸ್ಕಾರ. ಮೈಸೂರಲ್ಲಿ ಕೆಲಸ ಸಿಕ್ಕಿದೆ, ಗೊತ್ತಿರೋರು ಯಾರೂ ಇಲ್ಲ. ಹೀಗೆ ಬರೋರು ಮೊದಲು ಕೇಳೋದು, ಯಾವ ಏರಿಯಾ ಚೆನ್ನಾಗಿದೆ ಅಂತ. ಅದಕ್ಕಿಂತ ಮೊದಲು ಕೇಳ್ಬೇಕಾದ್ದು, ಕೆಲಸದ ಜಾಗ ಊರಿನ ಯಾವ ದಿಕ್ಕಿಗಿದೆ ಅಂತ.

ಯಾಕೆ ಅಂದ್ರೆ, ಇಲ್ಲಿ ಸಿಟಿ ಬಸ್ಸುಗಳು ಬಹುಪಾಲು ಅರಮನೆ ಹತ್ತಿರದ ಈ ನಿಲ್ದಾಣದಿಂದ ಹೊರಟು ಇಲ್ಲಿಗೇ ವಾಪಸ್ ಬರುತ್ತವೆ. ಮನೆ ಶ್ರೀರಾಂಪುರದಲ್ಲಿ, ಕೆಲಸ ಹೆಬ್ಬಾಳದಲ್ಲಿ ಅಂತಿಟ್ಕೊಳ್ಳಿ. ದಿನಾ ಇಲ್ಲಿಗೆ ಬಂದಿಳಿದು ಇನ್ನೊಂದು ಬಸ್ ಹತ್ತಬೇಕು. ಸ್ಕೂಟರ್ ಇದ್ದೋರು ರಿಂಗ್ ರೋಡ್ ಹಿಡಿದು ಹೋಗ್ತಾರೆ. ಬಸ್ಸನ್ನೇ ನಂಬಿದೋರಿಗೆ ಇದು ದಿನಾ ಎರಡು ಸಲದ ಕಾಯುವಿಕೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿಯುತ್ತೆ, ಹೊತ್ತು ಉಳಿಯಲ್ಲ.

[ದೃಶ್ಯ: ನಗರದ ನಕ್ಷೆ, ಏರಿಯಾಗಳು ಒಂದೊಂದಾಗಿ ಬೆಳಗುತ್ತವೆ]

ಇನ್ಫೋಸಿಸ್, ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆ ಕೆಲಸ ಆದ್ರೆ ವಿಜಯನಗರ, ಗೋಕುಲಂ, ಹಿನಕಲ್ ನೋಡಿ. ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ಬರೋರಿಗೆ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಬೋಗಾದಿ. ನಂಜನಗೂಡಿನ ಫ್ಯಾಕ್ಟರಿಗೆ ಹೋಗೋರು ಕುವೆಂಪುನಗರ, ಶ್ರೀರಾಂಪುರ, ಜೆ.ಪಿ. ನಗರದ ಕಡೆ ಹುಡುಕಿ. ಚಾಮರಾಜಪುರಂ, ಅಶೋಕಪುರಂನಲ್ಲಿ ನಂಜನಗೂಡು ಲೈನಿನ ರೈಲು ನಿಲ್ದಾಣಗಳೂ ಇವೆ. ಮಂಡ್ಯ 45 ಕಿಲೋಮೀಟರ್. ಅಲ್ಲಿಗೆ ರೈಲಲ್ಲಿ ಓಡಾಡೋ ಯೋಚನೆ ಇದ್ರೆ ಯಾದವಗಿರಿ ಸುತ್ತಮುತ್ತ ಇರಿ. ಒಂದು ವಿಷಯ: ವಿದ್ಯಾರಣ್ಯಪುರಂ, ಜೆ.ಪಿ. ನಗರದ ಆಸುಪಾಸಲ್ಲಿ ಮನೆ ನೋಡೋರು ಸಂಜೆ ಒಂದ್ಸಲ ಆ ಬೀದೀಲಿ ಓಡಾಡಿ. ಸೂಯೇಜ್ ಫಾರ್ಮ್ ಕಡೆಯಿಂದ ಗಾಳಿ ಬೀಸಿದಾಗ ವಾಸನೆ ಎಲ್ಲಿವರೆಗೂ ಬರುತ್ತೆ ಅನ್ನೋದು ಅಲ್ಲಿ ನಿಂತರೇ ತಿಳಿಯೋದು.

ಬಂದ ವಾರವೇ ಅಗ್ರಿಮೆಂಟ್‌ಗೆ ಸಹಿ ಹಾಕ್ಬೇಡಿ. ಒಂದು ತಿಂಗಳು ಪಿಜಿಯಲ್ಲಿರಿ. ಭಾನುವಾರ ಬೆಳಗ್ಗೆ ನಿಮಗೆ ಬೇಕಾದ ಏರಿಯಾದ ಅಡ್ಡರಸ್ತೆಗಳಲ್ಲಿ ನಡೀರಿ. "ಮನೆ ಬಾಡಿಗೆಗೆ ಇದೆ" ಅನ್ನೋ ಬೋರ್ಡು ಗೇಟಿನ ಮೇಲೇ ಇರುತ್ತೆ, ಬ್ರೋಕರ್ ಕಮಿಷನ್ನೂ ಉಳಿಯುತ್ತೆ. "ಬ್ಯಾಚುಲರ್ಸಿಗೆ ಕೊಡಲ್ಲ" ಅನ್ನೋ ಮಾತು ಕೇಳೇ ಕೇಳ್ತೀರಿ. ಆಧಾರ್, ಆಫೀಸಿನ ಐಡಿ, ಊರಲ್ಲಿರೋ ಹಿರಿಯರೊಬ್ಬರ ಫೋನ್ ನಂಬರ್ ಇಟ್ಕೊಂಡು ಹೋಗಿ. ಹಿರಿಯರ ಹತ್ರ ಮಾತಾಡಿದ ಮೇಲೆ ಒಪ್ಪೋ ಓನರ್‌ಗಳು ಬೇಕಾದಷ್ಟು ಜನ ಇದಾರೆ.

[ದೃಶ್ಯ: ಸಂಪಿನ ಮುಚ್ಚಳ ತೆಗೆಯುವ ಕೈ]

ಈಗ ನೀರು. ಇಲ್ಲಿ ಆತುರ ಬೇಡ. ಕಾವೇರಿ ನೀರು ಇಡೀ ದಿನ ನಲ್ಲೀಲಿ ಬರುತ್ತೆ ಅಂದ್ಕೊಳ್ಬೇಡಿ. ಬಿಟ್ಟಾಗ ಸಂಪಿಗೆ ತುಂಬುತ್ತೆ, ಸಂಪಿಂದ ಮೋಟಾರು ಮೇಲಿನ ಟ್ಯಾಂಕಿಗೆ ಹತ್ತಿಸುತ್ತೆ. ಹಾಗಾಗಿ ಮೂರು ಪ್ರಶ್ನೆ ಕೇಳಿ. ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ? ಸಂಪಿಗೆ ಎಷ್ಟು ಲೀಟರ್ ಹಿಡಿಯುತ್ತೆ, ಎಷ್ಟು ಮನೆಗೆ ಹಂಚಬೇಕು? ಮೋಟಾರ್ ಸ್ವಿಚ್ ಯಾರ ಮನೆಯೊಳಗಿದೆ? ಮೂರನೇದೇ ಮುಖ್ಯ. ಸ್ವಿಚ್ ಓನರ್ ಮನೆಯಲ್ಲಿದ್ದು, ಅವರು ನಾಲ್ಕು ದಿನ ಊರಿಗೆ ಹೋದ್ರೆ ನಿಮ್ಮ ಬಚ್ಚಲು ಒಣಗುತ್ತೆ.

ರಿಂಗ್ ರೋಡ್ ಆಚೆಯ ಕೆಲವು ಖಾಸಗಿ ಬಡಾವಣೆಗಳಲ್ಲಿ ಬೋರ್‌ವೆಲ್ ನೀರೇ ಗತಿ. ನಲ್ಲಿ ಬಾಯಲ್ಲಿ ಬಿಳೀ ಉಪ್ಪು ಕಟ್ಟಿದ್ರೆ ಗಡಸು ನೀರು ಅಂತ ಅರ್ಥ. ಅದು ಗೀಸರ್ ಕಾಯಿಲ್ ಮೇಲೂ ಹಾಗೇ ಕಟ್ಟುತ್ತೆ. ಮೇಲಿನ ಮಹಡಿ ಮನೆಯಾದ್ರೆ 10 ಲೀಟರ್ ಬಕೆಟ್ ಇಟ್ಟು ಬಚ್ಚಲ ನಲ್ಲಿ ತಿರುಗಿಸಿ. ತುಂಬೋಕೆ ಎರಡು ನಿಮಿಷಕ್ಕಿಂತ ಜಾಸ್ತಿ ಹಿಡಿದ್ರೆ ಶವರ್ ಆಸೆ ಬಿಡಿ. ಟ್ಯಾಂಕು ತಲೆ ಮೇಲೇ ಇರೋದ್ರಿಂದ ನೀರಿಗೆ ಒತ್ತಡ ಸಾಕಾಗಲ್ಲ.

ಕರೆಂಟ್ ಮೀಟರ್ ನಿಮ್ಮ ಮನೆಗೆ ಪ್ರತ್ಯೇಕ ಇದೆಯಾ ನೋಡಿ, ಚೆಸ್ಕಾಂನ ಹಿಂದಿನ ತಿಂಗಳ ಬಿಲ್ ಕೇಳಿ, ಬಾಕಿ ಎಷ್ಟಿದೆ ಓದಿ. ಗೃಹಜ್ಯೋತಿ ಬೇಕಾದ್ರೆ ಬಿಲ್ಲಲ್ಲಿರೋ ಆ ಮೀಟರಿನ ಆರ್.ಆರ್. ನಂಬರಿಗೆ ನಿಮ್ಮ ಆಧಾರ್ ಜೋಡಣೆ ಆಗ್ಬೇಕು. ಹಳೇ ಬಾಡಿಗೆದಾರರ ಹೆಸರು ಅದರಿಂದ ಬಿಡಿಸಿದ್ದಾರಾ ಅಂತ ಮೊದಲೇ ಕೇಳ್ಕೊಳ್ಳಿ. ನಾಲ್ಕು ಮನೆಗೆ ಒಂದೇ ಮೀಟರ್ ಇದ್ದು ಸಬ್ ಮೀಟರ್ ಲೆಕ್ಕ ಆದ್ರೆ, ಯೂನಿಟ್ಟಿಗೆ ಎಷ್ಟು ಅನ್ನೋದು ಅಗ್ರಿಮೆಂಟಲ್ಲಿ ಬರೆಸಿ.

ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿ ಆದ್ರೆ ನೋಂದಣಿ ಮಾಡಿಸಬೇಕಾಗುತ್ತೆ, ಅದಕ್ಕೇ 11. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ. ಖಾಲಿ ಮಾಡುವಾಗ ಪೇಂಟಿಂಗಿಗೆ ಎಷ್ಟು ಹಿಡೀತಾರೆ, ಎಷ್ಟು ದಿನದಲ್ಲಿ ಬಾಕಿ ಕೊಡ್ತಾರೆ ಅನ್ನೋ ಸಾಲು ಇರಲೇಬೇಕು. ಜಗಳ ಹುಟ್ಟೋದು ಅಲ್ಲೇ.

ಭೋಗ್ಯಕ್ಕೆ, ಅಂದ್ರೆ ಲೀಸ್‌ಗೆ, ಮೊದಲ ವರ್ಷವೇ ಕೈಹಾಕ್ಬೇಡಿ. ಬಾಡಿಗೆ ಇಲ್ಲ ಅನ್ನೋದೇನೋ ನಿಜ, ಆದ್ರೆ ಲಕ್ಷಗಟ್ಟಲೆ ದುಡ್ಡು ಓನರ್ ಕೈಲಿರುತ್ತೆ. ಮನೆ ಮೇಲೆ ಸಾಲ ಇದ್ದು ಅವರು ಕಂತು ಕಟ್ಟದೇ ಹೋದ್ರೆ ಬ್ಯಾಂಕ್ ಮನೆಯನ್ನ ಹರಾಜಿಗೆ ಹಾಕುತ್ತೆ. ತಗೊಳ್ಳಲೇಬೇಕು ಅಂದ್ರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆಸಿ, ವಕೀಲರಿಗೆ ತೋರಿಸಿ, ಕರಾರನ್ನ ನೋಂದಣಿ ಮಾಡಿಸಿ.

[ದೃಶ್ಯ: ಖಾಲಿ ಮನೆ, ಮೊಬೈಲ್ ಕ್ಯಾಮೆರಾ ಗೋಡೆಯುದ್ದಕ್ಕೂ ಸಾಗುತ್ತದೆ]

ಕೀ ಕೈಗೆ ಬಂದ ದಿನ, ಸಾಮಾನು ಇಳಿಸೋ ಮುಂಚೆ, ಗೋಡೆ, ಸಿಂಕು, ಕಿಟಕಿ ಗಾಜು, ಫ್ಯಾನು ಎಲ್ಲಾನೂ ವಿಡಿಯೋ ಮಾಡಿ. ಮೀಟರ್ ರೀಡಿಂಗಿನ ಫೋಟೋ ತೆಗೀರಿ. ಎರಡನ್ನೂ ಅವತ್ತೇ ಓನರ್‌ಗೆ ವಾಟ್ಸಾಪ್ ಮಾಡಿ.