ಜುರಾಂಗಿನ ಜೌಗು, ಗೋ ಅವರ ಲೆಕ್ಕ

ನಮಸ್ಕಾರ ಕೇಳುಗರೇ. ಸಿಂಗಪುರ ಎಂದರೆ ಅದರ ಮೊದಲ ಪ್ರಧಾನಿ ಲೀ ಕುವಾನ್ ಯೂ ಹೆಸರು ತಟ್ಟನೆ ನೆನಪಾಗುತ್ತದೆ. ಅವರ ಸರ್ಕಾರದ ಲೆಕ್ಕ ಹಿಡಿದವರು ಗೋ ಕೆಂಗ್ ಸ್ವೀ. ಇವತ್ತು ಅವರ ವಿಷಯ.

1918ರಲ್ಲಿ ಮಲಾಕ್ಕಾದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದವರು. 1959ರಲ್ಲಿ ಹಣಕಾಸು ಮಂತ್ರಿಯಾದಾಗ 1 ಕೋಟಿ 40 ಲಕ್ಷ ಡಾಲರ್ ಕೊರತೆಯ ಅಂದಾಜಿತ್ತು. ಸರ್ಕಾರಿ ನೌಕರರ ಸಂಬಳಕ್ಕೇ ಕತ್ತರಿ ಹಾಕಿದರು. ವರ್ಷದ ಕೊನೆಗೆ ಮಿಗತೆ ತೋರಿಸಿದರು. ಮೊದಲು ಲೆಕ್ಕ, ಆಮೇಲೆ ಮಾತು. ಇದೊಂದನ್ನು ದಯವಿಟ್ಟು ನೆನಪಿಡಿ.

ಈಗ ಜುರಾಂಗಿಗೆ ಬನ್ನಿ. ದ್ವೀಪದ ಪಶ್ಚಿಮಕ್ಕೆ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಬೆಳೆದ ಜೌಗು, ಸಿಗಡಿ ಹೊಂಡಗಳು. ಅಲ್ಲಿ ಕೈಗಾರಿಕಾ ನಗರವಂತೆ! ಜನ ಅದನ್ನು ‘ಗೋ ಅವರ ಹುಚ್ಚು’ ಎಂದರು. ಆದರೆ ನೋಡಿ, ದಡದ ಹತ್ತಿರವೇ ಆಳವಾದ ನೀರು. ದೊಡ್ಡ ಹಡಗು ನೇರವಾಗಿ ಬರಬಹುದು. ಪಕ್ಕದಲ್ಲೇ ತಗ್ಗು ಗುಡ್ಡಗಳು. ಗುಡ್ಡ ಕಡಿದರೆ ನೆಲ ಸಮ, ಅದೇ ಮಣ್ಣು ಸುರಿದರೆ ಜೌಗು ಭರ್ತಿ. ಮಣ್ಣನ್ನು ದೂರದಿಂದ ಹೊರಬೇಕಿಲ್ಲ. 1961ರಲ್ಲಿ ಆರ್ಥಿಕ ಅಭಿವೃದ್ಧಿ ಮಂಡಳಿಗೆ 10 ಕೋಟಿ ಡಾಲರ್ ಕೊಟ್ಟು ಕೆಲಸ ಹಚ್ಚಿದರು.

ಬರೀ ಸೈಟು ಹಂಚಿದರೆ ಕಾರ್ಖಾನೆ ಬರುವುದಿಲ್ಲ, ಇದನ್ನು ಎಷ್ಟು ಸಲ ಹೇಳಬೇಕೋ! ರಸ್ತೆ, ನೀರು, ವಿದ್ಯುತ್ತು ಮೊದಲು ಬರಬೇಕು. 1965ರಲ್ಲಿ ಹಡಗುಕಟ್ಟೆಯೂ ಆಯಿತು. ಮೊದಮೊದಲು ಬಂದವುಗಳಲ್ಲಿ ಒಂದು ಉಕ್ಕಿನ ಕಾರ್ಖಾನೆ: ಹಳೆಯ ಹಡಗು ಒಡೆದ ಗುಜರಿ ಕರಗಿಸಿ, ಮನೆ ಕಟ್ಟುವ ಕಬ್ಬಿಣದ ಸರಳು ಮಾಡುತ್ತಿತ್ತು. ಕಚ್ಚಾಮಾಲು ಬಂದರಿನಲ್ಲೇ, ಗಿರಾಕಿಯೂ ಊರಲ್ಲೇ. ಆದರೂ ಕೆಲವು ವರ್ಷ ಬಹಳಷ್ಟು ಸೈಟು ಖಾಲಿಯೇ ಬಿದ್ದಿದ್ದವು. ಅವರು ಕೈಬಿಡಲಿಲ್ಲ. 1968ರಲ್ಲಿ ಜುರಾಂಗಿಗೆಂದೇ ಬೇರೆ ನಿಗಮ ಬಂತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1965ರಲ್ಲಿ ಸಿಂಗಪುರ ಮಲೇಷ್ಯಾದಿಂದ ಬೇರೆಯಾದಾಗ ಇದ್ದದ್ದು ಎರಡೇ ಪದಾತಿ ಬೆಟಾಲಿಯನ್. ರಕ್ಷಣಾ ಮಂತ್ರಿಯಾಗಿ 1967ರಲ್ಲಿ ಕಡ್ಡಾಯ ಸೇನಾಸೇವೆ ತಂದರು. 1979ರಲ್ಲಿ ಶಿಕ್ಷಣ ಖಾತೆ. ಮಕ್ಕಳು ಮನೆಯಲ್ಲಿ ಆಡದ ಎರಡು ಭಾಷೆಗಳಲ್ಲಿ ಕಲಿಯಬೇಕಾಗಿ ಸೋಲುತ್ತಿದ್ದಾರೆ ಎಂದು ಕಂಡುಕೊಂಡದ್ದು ಅವರ ತಂಡ. ಆ ತಂಡದಲ್ಲಿ ಇದ್ದವರು ಬಹುಪಾಲು ಎಂಜಿನಿಯರುಗಳು! ಅಲ್ಲೂ ಮೊದಲು ಲೆಕ್ಕ.

1984ರಲ್ಲಿ ಉಪಪ್ರಧಾನಿ ಹುದ್ದೆ ಬಿಟ್ಟರು. ಮರುವರ್ಷವೇ ಚೀನಾ ಸರ್ಕಾರ ಅವರನ್ನು ಕರೆಯಿತು, ತನ್ನ ಕರಾವಳಿಯ ಆರ್ಥಿಕ ವಲಯಗಳಿಗೆ ಸಲಹೆ ಕೊಡಿ ಎಂದು.