ಕೊನೆಯ ಸಿಟ್ಟಿಂಗ್ ಮುಗಿದ ಮೇಲೆ: ಬಾಯಿ ಮತ್ತು ಗಂಟಲಿನ ಚೇತರಿಕೆ

ಎಲ್ಲರಿಗೂ ನಮಸ್ಕಾರ.

ಬಾಯಿ, ನಾಲಿಗೆ, ಗಂಟಲು ಅಥವಾ ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ನಮ್ಮ ಜನರ ಮಾತಿನಲ್ಲಿ ಹೇಳುವುದಾದರೆ ‘ಕರೆಂಟು’, ಪಡೆದವರು ಮತ್ತು ಅವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಚಿಕಿತ್ಸೆಯನ್ನು ಹೇಗೆ ಕೊಡುತ್ತಾರೆ ಎಂದು ನಿಮಗೆ ವಿವರಿಸಬೇಕಾಗಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಮುಖವಾಡ ಹಾಕಿಸಿಕೊಂಡು ವಾರಕ್ಕೆ ಐದು ದಿನದಂತೆ ಆರೇಳು ವಾರ ಅಲುಗಾಡದೆ ಮಲಗಿ ಎದ್ದವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಕೊನೆಯ ಸಿಟ್ಟಿಂಗ್ ಮುಗಿಸಿ ಊರಿನ ಬಸ್ಸು ಹತ್ತಿದ ಮೇಲೆ ಬರುವ ತಿಂಗಳುಗಳ ಬಗ್ಗೆ ಇಂದು ಮಾತನಾಡುತ್ತೇನೆ. ಆ ತಿಂಗಳುಗಳಲ್ಲಿ ಮೈಗೆ ವಿಶ್ರಾಂತಿ ಬೇಕು, ನಿಜ. ಆದರೆ ದವಡೆಗೆ, ನಾಲಿಗೆಗೆ, ಗಂಟಲಿಗೆ ವಿಶ್ರಾಂತಿ ಕೊಟ್ಟರೆ ಅವು ಮತ್ತೆ ಕೆಲಸಕ್ಕೆ ಬರುವುದು ಕಷ್ಟ. ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ.

ಚಿಕಿತ್ಸೆ ಮುಗಿದ ಮರುದಿನದಿಂದಲೇ ನೋವು ಇಳಿಯತೊಡಗುತ್ತದೆ ಎಂದು ಮನೆಯವರು ಭಾವಿಸುವುದು ಸಹಜ. ಹಾಗೆ ಆಗುವುದಿಲ್ಲ. ವಿಕಿರಣದ ಪ್ರಮಾಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ 35 ಸಿಟ್ಟಿಂಗ್‌ಗಳಲ್ಲಿ 70 ಗ್ರೇ, ಶಸ್ತ್ರಚಿಕಿತ್ಸೆ ಆದವರಿಗೆ 60ರಿಂದ 66 ಗ್ರೇ ವಿಕಿರಣ ಕೊಡಲಾಗುತ್ತದೆ. ಅದರ ಪರಿಣಾಮ ದಿನದಿಂದ ದಿನಕ್ಕೆ ಕೂಡಿಕೊಳ್ಳುತ್ತಾ ಹೋಗುವುದರಿಂದ ಬಾಯಿಹುಣ್ಣು, ಉರಿ, ಜಿಗುಟಾದ ಲೋಳೆ ಇವೆಲ್ಲ ಚಿಕಿತ್ಸೆ ಮುಗಿದ ನಂತರದ ಮೊದಲ ಒಂದೆರಡು ವಾರಗಳಲ್ಲೇ ತೀರಾ ಹೆಚ್ಚಾಗಿರುತ್ತವೆ. ಇದನ್ನು ಮೊದಲೇ ತಿಳಿಯದಿದ್ದರೆ, ಕಾಯಿಲೆ ಮರುಕಳಿಸಿತು ಎಂದೋ ಚಿಕಿತ್ಸೆ ಫಲಿಸಲಿಲ್ಲ ಎಂದೋ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಹುಣ್ಣುಗಳು ಹೆಚ್ಚಿನವರಲ್ಲಿ ನಾಲ್ಕರಿಂದ ಆರು ವಾರಗಳಲ್ಲಿ ಮಾಯುತ್ತವೆ. ಜೊತೆಗೆ ಸಿಸ್ಪ್ಲಾಟಿನ್ ಕಿಮೋಥೆರಪಿಯನ್ನೂ ಪಡೆದವರಿಗೆ ಇನ್ನಷ್ಟು ಸಮಯ ಹಿಡಿಯಬಹುದು. ಅಲ್ಲಿಯವರೆಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚೆ ಉಪ್ಪು, ಒಂದು ಚಮಚೆ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಹಲವು ಬಾರಿ, ಮುಖ್ಯವಾಗಿ ಊಟದ ಹಿಂದೆ ಮುಂದೆ, ಬಾಯಿ ಮುಕ್ಕಳಿಸಬೇಕು. ಆಲ್ಕೋಹಾಲ್ ಇರುವ ಮೌತ್‌ವಾಷ್ ಬೇಡ. ನೋವಿನ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ನುಂಗುವ ಹೊತ್ತಿಗೆ ಅದರ ಬಲ ಸಿಗುತ್ತದೆ. ವೈದ್ಯರು ಮಾರ್ಫಿನ್ ಬರೆದಿದ್ದರೆ ಚಟ ಹತ್ತುತ್ತದೆಂದು ಹೆದರಿ ಕಪಾಟಿನಲ್ಲಿ ಇಟ್ಟುಬಿಡಬೇಡಿ. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡು, ಹುಣ್ಣು ಮಾಯ್ದಂತೆ ವೈದ್ಯರ ಸಲಹೆಯ ಮೇರೆಗೆ ಕಡಿಮೆ ಮಾಡುತ್ತಾ ಬರಬೇಕು. ಅದರಿಂದ ಮಲಬದ್ಧತೆ ಆಗುವುದು ಹೆಚ್ಚುಕಡಿಮೆ ಖಚಿತ, ಹಾಗಾಗಿ ಅದಕ್ಕೆ ಔಷಧಿಯನ್ನು ಮೊದಲ ದಿನದಿಂದಲೇ ಕೇಳಿ ಪಡೆಯಿರಿ.

ಇನ್ನೊಂದು ಅನುಮಾನವನ್ನು ಇಲ್ಲೇ ಪರಿಹರಿಸುತ್ತೇನೆ, ಏಕೆಂದರೆ ಇದನ್ನು ಜನ ಗಟ್ಟಿಯಾಗಿ ಕೇಳುವುದಿಲ್ಲ. ಯಂತ್ರದಿಂದ ಹೊರಗಿನಿಂದ ಕೊಟ್ಟ ವಿಕಿರಣ ಮೈಯಲ್ಲಿ ಉಳಿದುಕೊಳ್ಳುವುದಿಲ್ಲ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ತಟ್ಟೆ ಲೋಟ ಬೇರೆ ಇಡುವ ಅಗತ್ಯ ಎಳ್ಳಷ್ಟೂ ಇಲ್ಲ.

ಈಗ ನುಂಗುವ ವಿಚಾರಕ್ಕೆ ಬರೋಣ. ಒಂದು ಗುಟುಕು ನೀರು ಒಳಗೆ ಹೋಗಬೇಕಾದರೆ ನಾಲಿಗೆಯ ಬುಡ ಹಿಂದಕ್ಕೆ ಒತ್ತಬೇಕು, ಧ್ವನಿಪೆಟ್ಟಿಗೆ ಮೇಲಕ್ಕೇರಿ ಶ್ವಾಸನಾಳದ ಬಾಯಿ ಮುಚ್ಚಬೇಕು, ಅನ್ನನಾಳದ ಮೇಲ್ತುದಿ ಸಡಿಲವಾಗಬೇಕು. ಇದೆಲ್ಲ ಸುಮಾರು ಒಂದು ಸೆಕೆಂಡಿನೊಳಗೆ ನಡೆದು ಮುಗಿಯುತ್ತದೆ. ಈ ಕೆಲಸ ಮಾಡುವ ಸ್ನಾಯುಗಳು ವಿಕಿರಣದ ದಾರಿಯಲ್ಲೇ ಇರುವುದರಿಂದ ಮೊದಲು ಊದಿಕೊಂಡು, ತಿಂಗಳುಗಳು ಕಳೆದಂತೆ ನಾರುಗಟ್ಟಿ ಗಡುಸಾಗುತ್ತವೆ. ಅದೇ ಹೊತ್ತಿಗೆ ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ರೈಲ್ಸ್ ಟ್ಯೂಬ್ ಇದ್ದು ಬಾಯಿಯಿಂದ ಏನನ್ನೂ ನುಂಗದೆ ವಾರಗಟ್ಟಲೆ ಕಳೆದರೆ, ಬಳಸದ ಸ್ನಾಯುಗಳು ಸವೆದುಹೋಗುತ್ತವೆ. ಟ್ಯೂಬನ್ನು ನಾನು ದೂರುತ್ತಿಲ್ಲ. ತೂಕ ಬೇಗಬೇಗ ಇಳಿಯುತ್ತಿರುವವರಿಗೆ ಅದು ಜೀವ ಉಳಿಸುವ ದಾರಿ. ಆದರೆ ಟ್ಯೂಬ್ ಇದ್ದರೂ, ನುಂಗುವಿಕೆ ತಜ್ಞರು ಸುರಕ್ಷಿತವೆಂದು ಹೇಳಿದ ಮಟ್ಟಿಗೆ ಒಂದೆರಡು ಚಮಚೆಯನ್ನಾದರೂ ದಿನಕ್ಕೆ ಕೆಲವು ಬಾರಿ ಬಾಯಿಯಿಂದಲೇ ನುಂಗುತ್ತಿರಬೇಕು. ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು ಗಂಟಲಿಗೆ ವಿಕಿರಣ ಪಡೆದ 497 ಜನರ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಯ ಉದ್ದಕ್ಕೂ ಬಾಯಿಯಿಂದ ತಿನ್ನುತ್ತಿದ್ದು ವ್ಯಾಯಾಮವನ್ನೂ ಬಿಡದೆ ಮಾಡಿದವರು ಮಾಮೂಲಿ ಊಟಕ್ಕೆ ಮರಳಿದ್ದು ಎಲ್ಲರಿಗಿಂತ ಹೆಚ್ಚು. ತಿನ್ನಲು ಶಕ್ತಿ ಉಳಿದಿದ್ದವರೇ ತಿಂದಿರಬಹುದಲ್ಲವೇ ಎಂದು ನೀವು ಕೇಳಬಹುದು. ಆ ಆಕ್ಷೇಪದಲ್ಲಿ ಹುರುಳಿದೆ. ಆದರೂ ವ್ಯಾಯಾಮದ ಖರ್ಚು ಏನೂ ಇಲ್ಲ, ಬಿಟ್ಟರೆ ಆಗುವ ನಷ್ಟ ದೊಡ್ಡದು ಎಂಬ ಕಾರಣಕ್ಕೆ ನಾನು ಅದನ್ನು ಒತ್ತಿ ಹೇಳುತ್ತೇನೆ.

ವ್ಯಾಯಾಮಗಳು ಸರಳವಾಗಿವೆ. ಬಾಯಲ್ಲಿರುವುದನ್ನು ಪೂರ್ತಿ ಬಲ ಹಾಕಿ ನುಂಗುವುದು. ನುಂಗುವಾಗ ಮೇಲೆದ್ದ ಗಂಟಲಿನ ಗಂಟನ್ನು ಎರಡು ಮೂರು ಸೆಕೆಂಡು ಅಲ್ಲೇ ಹಿಡಿದಿಡುವುದು. ಏನನ್ನೂ ಬಾಯಿಗೆ ಹಾಕಿಕೊಳ್ಳದೆ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಮೆಲ್ಲಗೆ ಹಿಡಿದು ಎಂಜಲು ನುಂಗುವುದು. ಯಾರಿಗೆ ಯಾವುದು, ಎಷ್ಟು ಸಲ ಎಂಬುದನ್ನು ತಜ್ಞರೇ ಹೇಳಬೇಕು. ವಾಕ್ ಮತ್ತು ನುಂಗುವಿಕೆ ತಜ್ಞರು ಎಂದರೆ ಮಕ್ಕಳ ತೊದಲು ಸರಿಪಡಿಸುವವರು ಎಂದಷ್ಟೇ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಈ ವಿದ್ಯೆಯನ್ನು ಕಲಿಸಲು 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇರುವಾಗ, ಕ್ಯಾನ್ಸರ್ ರೋಗಿಯೊಬ್ಬರು ಅಂಥ ತಜ್ಞರನ್ನು ಒಮ್ಮೆಯೂ ಕಾಣದೆ ಮನೆಗೆ ಹೋಗುವುದು ಬೇಸರದ ಸಂಗತಿ.

ನುಂಗಿದ್ದು ಶ್ವಾಸನಾಳಕ್ಕೆ ಇಳಿದರೂ ಕೆಲವರಿಗೆ ಕೆಮ್ಮು ಬರುವುದಿಲ್ಲ, ಏಕೆಂದರೆ ಗಂಟಲಿನ ಸಂವೇದನೆಯೇ ಕುಂದಿರುತ್ತದೆ. ಊಟವಾದ ಮೇಲೆ ಧ್ವನಿ ಒದ್ದೆಯಾದಂತೆ ಗೊರಗೊರ ಎನ್ನುವುದು, ಮತ್ತೆ ಮತ್ತೆ ಜ್ವರ ಬರುವುದು, ಕಫ ಹೆಚ್ಚುವುದು ಇದರ ಸೂಚನೆಗಳು. ಇವು ಕಂಡರೆ ಮನೆಮದ್ದಿನಲ್ಲಿ ದಿನ ತಳ್ಳದೆ ಆಸ್ಪತ್ರೆಗೆ ಬನ್ನಿ. ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿಯೋ ಎಕ್ಸ್‌ರೇ ವಿಡಿಯೋ ತೆಗೆದೋ ದೋಷ ಎಲ್ಲಿದೆ ಎಂದು ನೋಡಬಹುದು.

ಊಟದಲ್ಲಿ ಏನು ಎಂಬುದು ಹೆಂಗಸರು ತಪ್ಪದೆ ಕೇಳುವ ಪ್ರಶ್ನೆ, ಏಕೆಂದರೆ ಬೇರೆ ಅಡುಗೆ ಮಾಡುವ ಹೊಣೆ ಬಹುತೇಕ ಅವರ ಮೇಲೆಯೇ ಬೀಳುತ್ತದೆ. ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 30 ಕ್ಯಾಲರಿ ಮತ್ತು ಕನಿಷ್ಠ 1.2 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. ಅಂದರೆ 50 ಕಿಲೋ ತೂಗುವವರಿಗೆ 1500 ಕ್ಯಾಲರಿ, 60 ಗ್ರಾಂ ಪ್ರೋಟೀನ್. ಬರೀ ಗಂಜಿ ತಿಳಿ, ಎಳನೀರು, ಹಣ್ಣಿನ ರಸದಿಂದ ಇದು ಎಂದೂ ತುಂಬುವುದಿಲ್ಲ. ರಾಗಿ ಗಂಜಿಗೆ ಹಾಲು ತುಪ್ಪ ಸೇರಿಸಿ, ಬೇಳೆಯನ್ನು ನುಣ್ಣಗೆ ಕಟೆದು ಅನ್ನದ ಜೊತೆ ಕಲಸಿ, ಮೊಟ್ಟೆ ತಿನ್ನುವವರಾದರೆ ಮೆತ್ತಗೆ ಬೇಯಿಸಿ ಕೊಡಿ. ಖಾರ, ಹುಳಿ, ಮೆಣಸಿನ ಸಾರು ಹುಣ್ಣು ಮಾಯುವವರೆಗೆ ಬೇಡ. ಸಕ್ಕರೆ ಕಾಯಿಲೆ ಇರುವವರು ಸಿಹಿ ಸೇರಿಸುವ ಮೊದಲು ವೈದ್ಯರನ್ನು ಕೇಳಬೇಕು. ಮುದ್ದೆಯ ಬಗ್ಗೆ ಒಂದು ಮಾತು: ಅದನ್ನು ಹೇಗೂ ಅಗಿಯದೆ ನುಂಗುವುದು, ಆದ್ದರಿಂದ ಸುಲಭ ಎಂದು ಹಳೇ ಮೈಸೂರು ಕಡೆಯ ಹಿರಿಯರು ವಾದಿಸುತ್ತಾರೆ. ಜೊಲ್ಲೇ ಇಲ್ಲದ ಗಂಟಲಿನಲ್ಲಿ ಆ ತುತ್ತು ಜಾರದೆ ಕಚ್ಚಿಕೊಳ್ಳುತ್ತದೆ. ಕೆಲವು ತಿಂಗಳು ಅದೇ ರಾಗಿಯನ್ನು ತೆಳ್ಳಗೆ ಕುಡಿಯುವುದು ಲೇಸು.

ಜೊಲ್ಲು ಏಕೆ ಒಣಗುತ್ತದೆ ಎಂದರೆ, ಕಿವಿಯ ಮುಂದೆ ಮತ್ತು ದವಡೆಯ ಕೆಳಗೆ ಇರುವ ಗ್ರಂಥಿಗಳಿಗೆ ವಿಕಿರಣ ಸುಲಭವಾಗಿ ಪೆಟ್ಟು ಕೊಡುತ್ತದೆ. ಕಿವಿಯ ಬಳಿಯ ಗ್ರಂಥಿಗೆ ಬೀಳುವ ಸರಾಸರಿ ಪ್ರಮಾಣ ಸುಮಾರು 26 ಗ್ರೇ ಮೀರದಿದ್ದರೆ ಅದು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಕಿರಣಗಳ ಬಲವನ್ನು ಜಾಗಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡುವ ಐಎಂಆರ್‌ಟಿ ಎಂಬ ಹೊಸ ವಿಧಾನದಿಂದ ಇದು ಸಾಧ್ಯವಾಗಿದೆ: ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಬಾಯಿ ಗಣನೀಯವಾಗಿ ಒಣಗಿದ್ದವರು ಹಳೆಯ ವಿಧಾನದಲ್ಲಿ ಶೇ 74, ಹೊಸ ವಿಧಾನದಲ್ಲಿ ಶೇ 38. ರುಚಿ ಮಾತ್ರ ಬೇಗ ಮರಳುತ್ತದೆ, ಎರಡರಿಂದ ಆರು ತಿಂಗಳು, ಕೆಲವರಿಗೆ ವರ್ಷ. ಕಾಫಿ ಮಣ್ಣಿನಂತಿದೆ ಎಂದವರು ಮುಂದೆ ಒಂದು ದಿನ ಸಕ್ಕರೆ ಹೆಚ್ಚಾಯಿತು ಎಂದು ಗೊಣಗಿದರೆ ಮನೆಯವರು ಸಂತೋಷಪಡಬಹುದು. ಆದರೆ ಮದುವೆಯ ಪಂಕ್ತಿಯಲ್ಲಿ ಪ್ರತಿ ತುತ್ತಿಗೂ ನೀರು ಕುಡಿಯುತ್ತಾ, ಎಲ್ಲರೂ ಮಜ್ಜಿಗೆಗೆ ಬಂದರೂ ತಾನಿನ್ನೂ ಸಾರಿನಲ್ಲೇ ಇರುವ ಮುಜುಗರಕ್ಕೆ ಹೆದರಿ ಸಮಾರಂಭಗಳನ್ನೇ ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ನೆಂಟರು ಅವರ ಎಲೆಯನ್ನು ದಿಟ್ಟಿಸದಿದ್ದರೆ ಅದೇ ದೊಡ್ಡ ಉಪಕಾರ.

ಬಾಯಿ ಬಿಗಿಯುವ ತೊಂದರೆ ನಮ್ಮ ನಾಡಿನಲ್ಲಿ ಎರಡು ಪಟ್ಟು ಕಠಿಣ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು, ಅಗಿಯುವುದರಲ್ಲೂ ಹಿಂದೆ ಬಿದ್ದಿಲ್ಲ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಭಾಗ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ನಾರುಗಟ್ಟುವ ಕಾಯಿಲೆಯಿಂದ ಮೊದಲೇ ಗಡುಸಾಗಿರುತ್ತದೆ, ಅದರ ಮೇಲೆ ವಿಕಿರಣದ ಗಡುಸು ಬಂದು ಕೂರುತ್ತದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹೋಗಬೇಕು. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಅದನ್ನು ಬಿಗಿತವೆಂದೇ ಪರಿಗಣಿಸುತ್ತಾರೆ. ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಸ್ವಲ್ಪ ಹೊತ್ತು ಹಿಡಿದು, ಕೆಲವು ದಿನಗಳಿಗೊಮ್ಮೆ ಒಂದೊಂದು ಕಡ್ಡಿ ಸೇರಿಸುತ್ತಾ ಹೋಗುವುದು ಅಗ್ಗದ, ಉಪಯುಕ್ತ ವಿಧಾನ. ಹಲ್ಲು ಸಡಿಲವಿದ್ದವರು ಕೇಳದೆ ಮಾಡಬಾರದು. ಈ ವ್ಯಾಯಾಮವನ್ನು ತಿಂಗಳೆರಡು ತಿಂಗಳಿಗೆ ನಿಲ್ಲಿಸುವಂತಿಲ್ಲ, ಏಕೆಂದರೆ ನಾರುಗಟ್ಟುವಿಕೆ ವರ್ಷಗಳ ಕಾಲ ಮುಂದುವರಿಯುತ್ತದೆ.

ಅಡಿಕೆಯ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲೇ ನಿಷೇಧಿಸಿತು. ಪಾನ್ ಮಸಾಲ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣದಲ್ಲಿ ಕೊಂಡು ಬೆರೆಸಿಕೊಳ್ಳುವುದು ನಿಮಗೆಲ್ಲ ಗೊತ್ತಿರುವ ವಿಷಯವೇ. ಚಿಕಿತ್ಸೆಯ ನಂತರವೂ ಇವನ್ನು ಅಥವಾ ಬೀಡಿ ಸಿಗರೇಟನ್ನು ಬಿಡದವರಿಗೆ ಅದೇ ಬಾಯಲ್ಲಿ ಇನ್ನೊಂದು ಹೊಸ ಕ್ಯಾನ್ಸರ್ ಬರುವ ಅಪಾಯ ದೊಡ್ಡದು.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಗಲ್ಲದ ಕೆಳಗೆ ಬೆಳಿಗ್ಗೆ ಹೆಚ್ಚಾಗಿ ಕಾಣುವ ಊತ ಬಹುತೇಕ ದುಗ್ಧರಸ, ಅಂದರೆ ಲಿಂಫ್ ದ್ರವ, ಸರಿಯಾಗಿ ಹರಿಯದೆ ನಿಂತದ್ದು. ತಲೆಯನ್ನು ಎತ್ತರಿಸಿ ಮಲಗುವುದು, ಕಲಿಸಿಕೊಟ್ಟಂತೆ ಮೃದುವಾಗಿ ಸವರುವುದು ಸಹಾಯ ಮಾಡುತ್ತದೆ. ಕುತ್ತಿಗೆ ಬಗ್ಗಿಸಿದಾಗ ಬೆನ್ನಿನಲ್ಲಿ ಮಿಂಚು ಹರಿದಂತಾಗುವುದು ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ, ಆದರೂ ತಪಾಸಣೆಯಲ್ಲಿ ತಿಳಿಸಿ. ಥೈರಾಯ್ಡ್ ನಿಧಾನವಾಗಿ ಸೋಲಬಹುದಾದ್ದರಿಂದ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಬೇಕು; ಬಿಡದ ಸುಸ್ತನ್ನು ಕ್ಯಾನ್ಸರಿನ ಲೆಕ್ಕಕ್ಕೆ ಬರೆದುಬಿಡಬಾರದು.

ಚಿಕಿತ್ಸೆ ಫಲಿಸಿದೆಯೇ ಎಂದು ತಿಳಿಯಲು ಪೆಟ್-ಸಿಟಿ ಸ್ಕ್ಯಾನ್ ಮಾಡುವುದಾದರೆ ಸುಮಾರು 12 ವಾರ ಕಾಯುತ್ತಾರೆ, ಅದಕ್ಕೂ ಮೊದಲು ಮಾಡಿದರೆ ಮಾಯುತ್ತಿರುವ ಗಾಯವೂ ಕಾಯಿಲೆಯಂತೆ ಕಾಣಬಹುದು. ಮರುಕಳಿಸುವಿಕೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ ಆಗುವುದರಿಂದ, ಚೆನ್ನಾಗಿದ್ದೇನೆ ಎಂದು ಆ ಅವಧಿಯ ತಪಾಸಣೆಗಳನ್ನು ತಪ್ಪಿಸಬೇಡಿ. ಮೂರು ವಾರವಾದರೂ ಮಾಯದ ಹೊಸ ಹುಣ್ಣು, ಕುತ್ತಿಗೆಯಲ್ಲಿ ಗಂಟು, ರಕ್ತ, ಕಿವಿಗೆ ಹರಿಯುವ ಹೊಸ ನೋವು ಕಂಡರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ.

ಕೊನೆಗೆ ಹಲ್ಲು. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ, ಆದ್ದರಿಂದ ದಂತವೈದ್ಯರು ಹೇಳಿದ ಫ್ಲೋರೈಡ್ ಜೆಲ್ ಅನ್ನು ದಿನವೂ ಬಳಸಬೇಕು. ವಿಕಿರಣ ಬಿದ್ದ ದವಡೆಯ ಮೂಳೆಗೆ ರಕ್ತಸಂಚಾರ ಕಡಿಮೆಯಾಗಿರುವುದರಿಂದ, ಹಲ್ಲು ಕಿತ್ತ ಗಾಯ ಮಾಯದೆ ಮೂಳೆಯೇ ಕೊಳೆಯಬಹುದು. ಈ ಅಪಾಯ ಹತ್ತು ವರ್ಷ ಕಳೆದರೂ ಇರುತ್ತದೆ, ಕೆಳದವಡೆಯಲ್ಲಿ ಹೆಚ್ಚು. ನಿಮ್ಮ ಡಿಸ್ಚಾರ್ಜ್ ಸಾರಾಂಶದಲ್ಲಿ ಎಷ್ಟು ಗ್ರೇ, ಯಾವ ಭಾಗಕ್ಕೆ ಎಂದು ಬರೆದಿರುತ್ತದೆ. ಅದರ ಎರಡು ಜೆರಾಕ್ಸ್ ಪ್ರತಿ ಮಾಡಿಸಿ, ಒಂದನ್ನು ಮನೆಯವರ ಕೈಗೆ ಕೊಟ್ಟು, ಇನ್ನೊಂದನ್ನು ಯಾವ ದಂತವೈದ್ಯರ ಕುರ್ಚಿಯಲ್ಲಿ ಕೂರುವ ಮೊದಲೂ ಅವರ ಮುಂದಿಡಿ.