ಕೊಳೆರೋಗದ ಪ್ರಶ್ನೆ ಮತ್ತು ವಿದೇಶದ ಪಿಎಚ್‌.ಡಿ.

(ಸಸ್ಯಶಾಸ್ತ್ರ ವಿಭಾಗದ ಎಂ.ಎಸ್ಸಿ. ವಿದ್ಯಾರ್ಥಿಗಳ ಬೀಳ್ಕೊಡುಗೆ ಸಮಾರಂಭದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ವಿಶೇಷ ನಮಸ್ಕಾರ. ಇವತ್ತಿನ ಅರ್ಧ ಮಾತು ನಿಮ್ಮ ಹತ್ತಿರವೇ ಆಡಬೇಕು ಅಂತ ಬಂದಿದ್ದೇನೆ.

ಬೆಳಿಗ್ಗೆ ಬಸ್ಸಿಳಿದು ಇಲ್ಲಿಗೆ ಬಂದಾಗ ಕಾರಿಡಾರಿನಲ್ಲಿ ಒಬ್ಬ ಹುಡುಗ ಸಿಕ್ಕಿದ. "ಮೇಡಂ, ನಂದು 68 ಪರ್ಸೆಂಟು. ಹೊರಗಡೆ ಪಿಎಚ್‌.ಡಿ.ಗೆ ಸಾಕಾಗುತ್ತಾ?" ಅಂತ ಕೇಳಿದ. ನಾನು ಯಾವ ಕಾಲೇಜಿಗೆ ಹೋದರೂ ಮಕ್ಕಳು ಮೊದಲು ಕೇಳುವ ಪ್ರಶ್ನೆ ಇದೇ. ನಾನು ಅವನನ್ನು ತಿರುಗಿ ಒಂದು ಮಾತು ಕೇಳಿದೆ. ಅದೇನು ಅಂತ ಕೊನೆಗೆ ಹೇಳುತ್ತೇನೆ. ಅವನು ಇಲ್ಲೇ ಹಿಂದೆ ಕಿಟಕಿ ಪಕ್ಕ ಕೂತಿದ್ದಾನೆ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಅದು ತಲೆಯಲ್ಲಿ ಕೂತಿದ್ದರೆ ಬೇರೆ ಯಾವ ಮಾತೂ ಒಳಗೆ ಹೋಗುವುದಿಲ್ಲ. ನಮ್ಮ ಕಡೆ ಅಪ್ಪ ಅಮ್ಮಂದಿರಿಗೆ "ಫಾರಿನ್ ಓದು" ಅಂದರೆ ಸಾಲ. ಸೈಟು ಮಾರಬೇಕು, ಇಲ್ಲ ತೋಟ ಅಡ ಇಡಬೇಕು. ಅದು ಎಂ.ಎಸ್. ಓದುವವರ ಕಥೆ. ಪಿಎಚ್‌.ಡಿ. ಬೇರೆ. ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌.ಡಿ.ಗೆ ತೆಗೆದುಕೊಂಡರೆ ಸಾಮಾನ್ಯವಾಗಿ ಫೀಸು ಅವರೇ ಬಿಡುತ್ತಾರೆ, ಮೇಲೆ ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ಬದಲಿಗೆ ನೀವು ಬಿ.ಎಸ್ಸಿ. ಮಕ್ಕಳಿಗೆ ಲ್ಯಾಬ್ ನಡೆಸಿಕೊಡಬೇಕು, ಇಲ್ಲ ಪ್ರೊಫೆಸರ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಬೇಕು. ಜರ್ಮನಿಯಲ್ಲಿ ಸಂಶೋಧನಾ ಹುದ್ದೆ ಸಿಕ್ಕರೆ ಸರ್ಕಾರಿ ಸಂಬಳದ ಇ-13 ದರ್ಜೆಯಲ್ಲಿ ಅರ್ಧವೋ ಮೂರರಲ್ಲಿ ಎರಡು ಪಾಲೋ ಕೊಡುತ್ತಾರೆ. ನೆದರ್ಲೆಂಡ್ಸ್, ಸ್ವೀಡನ್‌ಗಳಲ್ಲಂತೂ ಪಿಎಚ್‌.ಡಿ. ಮಾಡುವವರು ಬಹುಮಟ್ಟಿಗೆ ನೌಕರರೇ. ಖಾಲಿ ಹುದ್ದೆಗೆ ಜಾಹೀರಾತು ಬರುತ್ತದೆ, ಅರ್ಜಿ ಹಾಕಬೇಕು, ಸಂದರ್ಶನ ಇರುತ್ತದೆ, ಸಂಬಳದ ಚೀಟಿ ಬರುತ್ತದೆ.

ಬಸ್‌ಸ್ಟ್ಯಾಂಡ್ ಎದುರು ಬೋರ್ಡು ಹಾಕಿಕೊಂಡಿರುವ ಕನ್ಸಲ್ಟೆನ್ಸಿಗಳಲ್ಲಿ ಇದನ್ನು ಹೇಳುವವರು ಕಡಿಮೆ. ಫೀಸು ಕಟ್ಟುವ ವಿದ್ಯಾರ್ಥಿಯನ್ನು ಕಳಿಸಿದರೆ ಎಷ್ಟೋ ಕಡೆ ಅವರಿಗೆ ಕಮಿಷನ್ ಇದೆ. ಫೀಸೇ ಕಟ್ಟದವರನ್ನು ಕಳಿಸಿ ಅವರಿಗೆ ಏನು ಬರಬೇಕು? ಹಾಗಾಗಿ ಈ ಕೆಲಸ ನೀವೇ ಮಾಡಿಕೊಳ್ಳಬೇಕು. ಮಾಡಿಕೊಳ್ಳಬಹುದು ಕೂಡ.

ಈಗ ನನ್ನ ಕಥೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮದು ತೀರ್ಥಹಳ್ಳಿ ಕಡೆ, ಎರಡು ಎಕರೆ ಅಡಿಕೆ ತೋಟ. ಮೊದಲ ಸಲ ಅರ್ಜಿ ಹಾಕಿದಾಗ ಐದು ಯೂನಿವರ್ಸಿಟಿಗೆ ಹಾಕಿದ್ದೆ. ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅಂತ ಒಂದು ಬರಹ ಕೇಳುತ್ತಾರಲ್ಲ, ಅದನ್ನು ಸೀನಿಯರ್ ಒಬ್ಬರ ಹತ್ತಿರ ಇಸಿದುಕೊಂಡು ಹೆಸರು ಬದಲಿಸಿ ಬರೆದಿದ್ದೆ. "ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ" ಅಂತ ಶುರು. "ನಿಮ್ಮ ವಿಶ್ವವಿಖ್ಯಾತ ಸಂಸ್ಥೆಯಲ್ಲಿ" ಅಂತ ಕೊನೆ. ಐದೂ ಕಡೆಯಿಂದ ಇಲ್ಲ ಅಂತ ಬಂತು.

ಅದು ಜೂನ್. ಮನೆಯಲ್ಲೇ ಇದ್ದೆ. ಅಪ್ಪ ಅಂಗಳದಲ್ಲಿ ಡ್ರಮ್ ಇಟ್ಟುಕೊಂಡು ಅಡಿಕೆ ಕಾಯಿಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಾಸುತ್ತಿದ್ದರು. ನಮ್ಮ ಕಡೆ ಕಾಸುವುದು ಅಂತಲೇ ಹೇಳುವುದು, ಒಲೆ ಇಲ್ಲದಿದ್ದರೂ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕದಡಿ ಆಮೇಲೆ ಸೇರಿಸಬೇಕು. ಸೇರಿಸಿದ ಮೇಲೆ ಅಪ್ಪ ಕತ್ತಿಯ ಅಲಗನ್ನು ತಿಳಿನೀಲಿ ನೀರಿನಲ್ಲಿ ಅದ್ದಿ, ಒಂದು ನಿಮಿಷ ಬಿಟ್ಟು ಮೇಲೆತ್ತಿ ನೋಡಿದರು. ಅಲಗಿನ ಮೇಲೆ ಕೆಂಪು ಕೂತಿತ್ತು. "ಸುಣ್ಣ ಸಾಲ್ದು" ಅಂದರು. ಇನ್ನೊಂದು ಬೊಗಸೆ ಹಾಕಿ ಮತ್ತೆ ಅದ್ದಿದರು. ಈ ಸಲ ಅಲಗು ಹಾಗೇ ಇತ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ "ಹತ್ತಪ್ಪ" ಅಂದರು.

ನಾನು ಎಂ.ಎಸ್ಸಿ. ಮುಗಿಸಿದ್ದೆ. ತಾಮ್ರದ ಲವಣದಲ್ಲಿ ಕಬ್ಬಿಣ ಅದ್ದಿದರೆ ತಾಮ್ರ ಕೂರುತ್ತದೆ ಅಂತ ಪರೀಕ್ಷೆಯಲ್ಲಿ ಬರೆದಿದ್ದೆ. ಅಪ್ಪನ ಕತ್ತಿ ಅದೇ ಕೆಲಸ ಮಾಡುತ್ತಿದೆ ಅಂತ ಅವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ. ಅವತ್ತು ರಾತ್ರಿ ಅಪ್ಪ ಊಟಕ್ಕೆ ಕೂತವರು, "ಅಲ್ಲ, ಮಳೆಗಾಲ ಮುಗೀತು ಅಂದ್ರೆ ಈ ಕೊಳೆ ಎಲ್ಲಿಗೆ ಹೋಗಿ ಕೂರತ್ತೆ? ಜನವರೀಲಿ ಒಂದು ಕಾಯೂ ಕೊಳೆಯಲ್ಲ. ಜುಲೈಗೆ ಸರಿಯಾಗಿ ಬರತ್ತೆ. ಮೇಲಿನ ಮನೆಯವರ ತೋಟಕ್ಕೆ ಬರಲ್ಲ, ನಮಗೆ ಬರತ್ತೆ. ಔಷಧಿ ಇಬ್ಬರದ್ದೂ ಒಂದೇ" ಅಂದರು.

ಅಮ್ಮ "ಊಟ ಮಾಡಿ" ಅಂದರು. ಅಪ್ಪ ಊಟ ಮಾಡಿದರು. ನನಗೆ ಮಾತ್ರ ನಿದ್ದೆ ಬರಲಿಲ್ಲ.

ಮರುದಿನದಿಂದ ಓದೋದಕ್ಕೆ ಶುರು ಮಾಡಿದೆ. 1910ರಲ್ಲೇ ಲೆಸ್ಲಿ ಕೋಲ್ಮನ್ ಎಂಬ ಕೆನಡಾದವರು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಾ ಈ ರೋಗದ ಬಗ್ಗೆ ಬರೆದಿದ್ದರು. ನಮ್ಮ "ಕೊಳೆರೋಗ" ಎಂಬ ಪದ ಅದಕ್ಕಿಂತ ಮೊದಲೇ ವಿಜ್ಞಾನದ ಲ್ಯಾಟಿನ್ ಹೆಸರಿಗೇ ಸೇರಿಹೋಗಿತ್ತು. ಕಾಫಿಯ ಕೊಳೆಗೆ 1876ರಲ್ಲಿ ಇಟ್ಟ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ಇನ್ನು ಅಡಿಕೆಯ ಕೊಳೆ ತರುವುದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. ಅದೇ ಕುಲದ ಇನ್ನೊಂದು ಜೀವಿ 1845ರಿಂದ ಐರ್ಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಳೆಸಿತು. ಆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಂದರೆ ಅಮೆರಿಕ, ಯುರೋಪಿನಲ್ಲಿ ಆಲೂಗಡ್ಡೆಯ ಫೈಟಾಫ್ತೊರಾ ಮೇಲೆ ಜೀವನ ಸವೆಸುತ್ತಿರುವ ಪ್ರೊಫೆಸರುಗಳಿದ್ದಾರೆ. ನಮ್ಮಪ್ಪ ಊಟದ ಹೊತ್ತಿನಲ್ಲಿ ಕೇಳಿದ್ದು ಅವರ ಪ್ರಶ್ನೆಯೇ!

ಎರಡನೇ ವರ್ಷದ ಬರಹ ನಾನೇ ಬರೆದೆ. ಕತ್ತಿಯ ಅಲಗಿನಿಂದ ಶುರು ಮಾಡಿದೆ. ಮಳೆ ನಿಂತ ಮೇಲೆ ರೋಗ ಎಲ್ಲಿ ಉಳಿಯುತ್ತದೆ? ಮಣ್ಣಿನಲ್ಲೋ, ಬಿದ್ದ ಕಾಯಿಯಲ್ಲೋ, ಮರದ ತಲೆಯಲ್ಲಿ ಒಣಗಿ ನಿಂತ ಹಳೇ ಗೊನೆಯಲ್ಲೋ? ಇದನ್ನು ಹೇಗೆ ಪತ್ತೆ ಮಾಡಬಹುದು ಅಂತ ನನಗೆ ತಿಳಿದಷ್ಟು ಬರೆದೆ. ತಿಳಿಯದ್ದು ಎಲ್ಲಿ ಅನ್ನುವುದನ್ನೂ ಬರೆದೆ. ಮಾರ್ಕ್ಸ್ ಕಾರ್ಡು ಅದೇ. ಕಾಲೇಜು ಅದೇ. ಈ ಸಲ ಎರಡು ಕಡೆ ಸಿಕ್ಕಿತು.

ನೋಡಿ, ಇದನ್ನೇ ನಾನು ಮತ್ತೆ ಮತ್ತೆ ಹೇಳುವುದು. ಅಂಕ ನೋಡುತ್ತಾರೆ, ಖಂಡಿತ ನೋಡುತ್ತಾರೆ. ಆದರೆ ಐದು ವರ್ಷ ತನ್ನ ಲ್ಯಾಬಿನಲ್ಲಿ ಇಟ್ಟುಕೊಳ್ಳಬೇಕಾದ ಪ್ರೊಫೆಸರಿಗೆ ಬೇಕಾಗಿರುವುದು, ಈ ಹುಡುಗಿಗೆ ನಿದ್ದೆ ಕೆಡಿಸುವ ಪ್ರಶ್ನೆ ಯಾವುದಾದರೂ ಇದೆಯಾ ಅನ್ನುವುದು. ಮಲೆನಾಡಿನ, ಬಯಲುಸೀಮೆಯ ನಮ್ಮ ಮಕ್ಕಳ ಹತ್ತಿರ ಅಂಥ ಪ್ರಶ್ನೆಗಳು ರಾಶಿ ಇವೆ. ಅರ್ಜಿ ಬರೆಯುವಾಗ ಅವನ್ನು ಮನೆಯಲ್ಲೇ ಬಿಟ್ಟು ಬರುತ್ತೀರಿ. "ಬಾಲ್ಯದಿಂದಲೂ ಆಸಕ್ತಿ" ಅಂತ ಬರೆಯುತ್ತೀರಿ. ನನಗೆ ಸಂಕಟ ಆಗುವುದು ಅದಕ್ಕೇ.

ಈಗ ಮೇಷ್ಟ್ರುಗಳ ಹತ್ತಿರ ಒಂದು ಮಾತು.

ಹೊರಗಿನ ಪಿಎಚ್‌.ಡಿ. ಅರ್ಜಿಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ವಿದ್ಯಾರ್ಥಿ ಬಂದು ಕೇಳಿದಾಗ ನಮ್ಮಲ್ಲಿ ಬಹಳ ಜನ ಹೇಳುವುದು, "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ". ನಿಮಗೆ ಪುರುಸೊತ್ತಿಲ್ಲ, ಗೊತ್ತು. ಒಂದೊಂದು ವಿಭಾಗದಲ್ಲಿ ಇಬ್ಬರೇ ಖಾಯಂ, ಉಳಿದವರೆಲ್ಲ ಅತಿಥಿ ಉಪನ್ಯಾಸಕರು. ಅದೂ ಗೊತ್ತು. ಆದರೂ ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ. ಆ ಹುಡುಗ ತನ್ನ ಬಗ್ಗೆ ತಾನೇ ಏನು ಬರೆದುಕೊಳ್ಳುತ್ತಾನೆ? "ಶಿಸ್ತಿನ ವಿದ್ಯಾರ್ಥಿ, ಸಮಯಪಾಲನೆ ಉಂಟು, ನಡತೆ ಒಳ್ಳೆಯದು". ಮೂರು ಪತ್ರವೂ ಒಂದೇ ಕೈಯಲ್ಲಿ ಬರೆದ ಹಾಗೆ ಇರುತ್ತದೆ. ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಜಾಣ ಮಗು ಅಲ್ಲಿಗೇ ನಿಂತುಹೋಗುತ್ತದೆ.

ಒಂದು ಪತ್ರ ಏನು ಮಾಡಬಲ್ಲದು ಅನ್ನುವುದಕ್ಕೆ ನಮ್ಮ ಮುಂದೆಯೇ ಉದಾಹರಣೆ ಇದೆ. ಅಂಬೇಡ್ಕರ್ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ನ್ಯೂಯಾರ್ಕಿಗೆ ಹೋದರು, ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ. 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರುವಾಗ ಕೊಲಂಬಿಯಾದ ಪ್ರೊಫೆಸರ್ ಸೆಲಿಗ್ಮನ್ ಅಲ್ಲಿನ ಪ್ರೊಫೆಸರ್ ಫಾಕ್ಸ್‌ವೆಲ್‌ಗೆ ತಾವೇ ಪತ್ರ ಬರೆದು ಇವರನ್ನು ಪರಿಚಯಿಸಿದರು. ಮೇಷ್ಟ್ರೊಬ್ಬರು ಇನ್ನೊಬ್ಬ ಮೇಷ್ಟ್ರಿಗೆ ಬರೆದ ಪತ್ರ ಅದು. ಮುಂದಿನ ವರ್ಷ ವಿದ್ಯಾರ್ಥಿವೇತನ ಮುಗಿದು ಅಂಬೇಡ್ಕರ್ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. 1920ರಲ್ಲಿ ಮತ್ತೆ ಹೋದರು. ಲಂಡನ್ನಿನ ಡಿ.ಎಸ್ಸಿ. ಬಂದದ್ದು 1923ರಲ್ಲಿ, ಕೊಲಂಬಿಯಾದ ಪಿಎಚ್‌.ಡಿ. ಪದವಿ 1927ರಲ್ಲಿ. ಒಂದು ವರ್ಷ ತಪ್ಪಿತು ಅಂತ ಅಳುತ್ತಾ ನನ್ನ ಹತ್ತಿರ ಬರುವ ಮಕ್ಕಳಿಗೆ ಈ ಇಸವಿಗಳನ್ನು ಹೇಳುತ್ತಿರುತ್ತೇನೆ.

ದೊಡ್ಡ ಇಂಗ್ಲಿಷ್ ಬೇಡ ಮೇಷ್ಟ್ರೇ. ಒಂದು ಘಟನೆ ಸಾಕು. ನೀವು ಮಾತ್ರ ನೋಡಿದ್ದು. ನನಗೆ ಬರೆದುಕೊಟ್ಟ ಮೇಡಂ, "ಮೂರು ಸಲ ಲ್ಯಾಬಿನಲ್ಲಿ ಬೆಳೆಸಿದ ಕಲ್ಚರ್ ಕೆಟ್ಟುಹೋಯಿತು. ನಾಲ್ಕನೇ ಸಲ ಇವಳು ಭಾನುವಾರ ಬೀಗದ ಕೈ ಕೇಳಿಕೊಂಡು ಬಂದು ಇಡೀ ಇನಾಕ್ಯುಲೇಶನ್ ಕೊಠಡಿ ತೊಳೆದಳು" ಅಂತ ಬರೆದಿದ್ದರಂತೆ. ಅಲ್ಲಿ ಸೇರಿದ ಮೇಲೆ ನನ್ನ ಗೈಡ್ ಹೇಳಿದರು. ಅದನ್ನು ನಾನೇ ಬರೆದುಕೊಳ್ಳುವುದಕ್ಕೆ ಆಗುತ್ತಿತ್ತಾ? ನನಗೆ ಅದು ಹೇಳಿಕೊಳ್ಳುವ ವಿಷಯ ಅಂತಲೇ ಗೊತ್ತಿರಲಿಲ್ಲ.

ವಿದ್ಯಾರ್ಥಿಗಳೇ, ನೀವೂ ಹಿಂದಿನ ದಿನ ಹೋಗಿ ಪತ್ರ ಕೇಳಬೇಡಿ. ಒಂದು ತಿಂಗಳು ಮೊದಲೇ ಹೋಗಿ. ಕೈಯಲ್ಲಿ ನಿಮ್ಮ ಬರಹ, ಪ್ರಾಜೆಕ್ಟ್ ರಿಪೋರ್ಟು, ಕೊನೆಯ ದಿನಾಂಕಗಳ ಪಟ್ಟಿ ಇರಲಿ.

ಚೀಟಿ ಬಂತು. ಹತ್ತೇ ನಿಮಿಷ ಅಂತೆ. ಊಟ ಕಾಯುತ್ತಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ, ಬರೆದುಕೊಳ್ಳಿ.

ಅಮೆರಿಕಕ್ಕೆ ಹೆಚ್ಚಿನ ಕಡೆ ಡಿಸೆಂಬರ್ ಮೊದಲ ಹದಿನೈದು ದಿನದೊಳಗೆ ಅರ್ಜಿ. ಸೇರುವುದು ಮುಂದಿನ ಆಗಸ್ಟಿನಲ್ಲಿ. ಅರ್ಜಿಯ ಕೆಲಸ ಶುರು ಮಾಡಬೇಕಾದ್ದು ಡಿಸೆಂಬರಿಗೆ ಮೊದಲಿನ ಜುಲೈ, ಆಗಸ್ಟಿನಲ್ಲಿ. ಜನವರಿ, ಫೆಬ್ರವರಿಯಲ್ಲಿ ವಿಡಿಯೊ ಸಂದರ್ಶನ. ಸ್ಟೈಪೆಂಡ್ ಸಮೇತ ಕರೆ ಬಂದರೆ ಏಪ್ರಿಲ್ 15ರವರೆಗೆ ಯೋಚಿಸುವುದಕ್ಕೆ ಸಮಯ ಕೊಡಬೇಕು ಅಂತ ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಗಾಬರಿಯಾಗಿ ಮೊದಲು ಬಂದದ್ದಕ್ಕೆ ಹೂಂ ಅನ್ನಬೇಡಿ. ಜಿ.ಆರ್.ಇ. ಈಗ ಎಷ್ಟೋ ವಿಭಾಗಗಳು ಕೇಳುವುದಿಲ್ಲ. ವಿಭಾಗದ ಪುಟ ನೋಡದೆ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅರ್ಜಿ ಶುಲ್ಕಕ್ಕೆ ವಿನಾಯಿತಿ ಇದೆಯಾ ಅಂತ ಈಮೇಲ್ ಮಾಡಿ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಯುರೋಪಿನಲ್ಲಿ ವರ್ಷ ಪೂರ್ತಿ ಹುದ್ದೆಗಳು ಬರುತ್ತಿರುತ್ತವೆ. ಯುರಾಕ್ಸೆಸ್ ಜಾಲತಾಣ ನೋಡುತ್ತಿರಿ. ಅಲ್ಲಿ ಸಾಮಾನ್ಯವಾಗಿ ಎಂ.ಎಸ್ಸಿ. ಆಗಿರಲೇಬೇಕು. ಯುರೋಪಿಯನ್ ಒಕ್ಕೂಟ ದುಡ್ಡು ಕೊಡುವ, ಮೇರಿ ಕ್ಯೂರಿ ಹೆಸರಿನ ಡಾಕ್ಟೊರಲ್ ನೆಟ್‌ವರ್ಕ್‌ಗಳಲ್ಲಿ, ಸೇರುವ ಮೊದಲಿನ 36 ತಿಂಗಳಲ್ಲಿ ಸೇರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು ಅನ್ನುವ ನಿಯಮ ಇದೆ. ಇಲ್ಲೇ ಇರುವ ನಿಮಗೆ ಅದು ಅನುಕೂಲವೇ. ಜರ್ಮನಿಗೆ ಡಿ.ಎ.ಎ.ಡಿ. ವಿದ್ಯಾರ್ಥಿವೇತನ ಇದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. 1892ರಿಂದ ಇರುವ ಜೆ.ಎನ್. ಟಾಟಾ ಎಂಡೋಮೆಂಟ್ ಇದೆ, ಆದರೆ ಅದು ವಾಪಸ್ ಕಟ್ಟಬೇಕಾದ ಸಾಲ.

ಪ್ರೊಫೆಸರುಗಳಿಗೆ ಈಮೇಲ್: ಇನ್ನೂರು ಜನಕ್ಕೆ ಒಂದೇ ಪತ್ರ ಕಳಿಸಬೇಡಿ. ಹತ್ತು ಜನಕ್ಕೆ ಕಳಿಸಿ, ಅವರ ಒಂದೊಂದು ಪ್ರಬಂಧ ಓದಿ ಕಳಿಸಿ. ಎರಡು ವಾರ ಉತ್ತರ ಬರಲಿಲ್ಲ ಅಂದರೆ ಇನ್ನೊಮ್ಮೆ ನೆನಪಿಸಿ. ಪ್ರಶ್ನೆ ಎರಡನೇ ಸಾಲಿನಲ್ಲೇ ಬರಲಿ. ಮತ್ತೆ ಅದೇ ಮಾತಿಗೆ ಬಂದೆ, ಅಲ್ವಾ?

ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ವರ್ಷದ ಅಂಕಗಳ ಅಧಿಕೃತ ಪಟ್ಟಿ. ನಮ್ಮ ಕಾಲದಲ್ಲಿ ಯೂನಿವರ್ಸಿಟಿಯ ಪರೀಕ್ಷಾ ವಿಭಾಗದಿಂದ ಮುಚ್ಚಿದ ಲಕೋಟೆ, ಅಂಟಿನ ಮೇಲೆ ಅಡ್ಡಡ್ಡ ಸೀಲು ಬೇಕಿತ್ತು. ನಾನು ಹನ್ನೊಂದು ದಿನ ಓಡಾಡಿದ್ದೇನೆ. ಸೀಲು ಬೀರುವಿನಲ್ಲಿ, ಬೀರುವಿನ ಬೀಗದ ಕೈ ರಜೆಯಲ್ಲಿರುವವರ ಹತ್ತಿರ. ಈಗ ಎಷ್ಟೋ ಕಡೆ ಅರ್ಜಿಗೆ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ಹಾಕಿದರೆ ಸಾಕು, ಅಸಲಿ ಪ್ರತಿಯನ್ನು ಸೀಟು ಸಿಕ್ಕ ಮೇಲೆ ಕೊಟ್ಟರಾಯಿತು. ಆದರೂ ಈ ವಾರವೇ ಹೋಗಿ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಕೊಟ್ಟು ಬನ್ನಿ. ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲೂ ಮಾರ್ಕ್ಸ್ ಕಾರ್ಡಿನಲ್ಲೂ ಒಂದೇ ಇದೆಯಾ ನೋಡಿಕೊಳ್ಳಿ. ಇನಿಷಿಯಲ್ ತಂದಿಡುವ ತೊಂದರೆ ಒಂದೆರಡಲ್ಲ.

ಹೆಣ್ಣುಮಕ್ಕಳ ಮನೆಯವರ ಬಗ್ಗೆ ಒಂದು ಪೂರ್ತಿ ಭಾಗ ಬರೆದುಕೊಂಡು ಬಂದಿದ್ದೆ, ಸಮಯ ಇಲ್ಲ. ಇಷ್ಟು ಮಾತ್ರ. ರಾಜೇಶ್ವರಿ ಚಟರ್ಜಿ ನಮ್ಮ ಮೈಸೂರು ಸೀಮೆಯ ಹುಡುಗಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. 1940ರ ದಶಕದ ಕೊನೆಯಲ್ಲಿ ಹಡಗು ಹತ್ತಿ ಅಮೆರಿಕದ ಮಿಶಿಗನ್‌ಗೆ ಹೋಗಿ, ಪಿಎಚ್‌.ಡಿ. ಮುಗಿಸಿ 1953ರಲ್ಲಿ ವಾಪಸ್ ಬಂದು ಐ.ಐ.ಎಸ್ಸಿ.ಯಲ್ಲಿ ಪಾಠ ಮಾಡಿದರು. ಅಪ್ಪ ಅಮ್ಮ ಬೇಡ ಅಂದರೆ ನನ್ನ ನಂಬರ್ ಕೊಡಿ. ನಾನು ಮಾತಾಡುತ್ತೇನೆ. ಮಾತಾಡಿದ್ದೇನೆ ಕೂಡ, ಕೆಲವು ಮನೆಗಳಲ್ಲಿ ಕಾಫಿ ಕುಡಿದು ಒಪ್ಪಿಸಿದ್ದೇನೆ.

ಕಿಟಕಿ ಪಕ್ಕದ ಹುಡುಗನ ವಿಷಯ ಬಾಕಿ ಇದೆ. 68 ಸಾಕಾ ಅಂತ ಕೇಳಿದನಲ್ಲ, ಅವನಿಗೆ ನಾನು "ನಿನ್ನ ಪ್ರಾಜೆಕ್ಟ್ ಯಾವುದರ ಮೇಲೆ?" ಅಂತ ಕೇಳಿದೆ. ಕಲ್ಲುಹೂವು ಅಂದ. ಊರಿನ ಹೊರಗೆ ಮಾವಿನ ಮರದ ಕಾಂಡದ ಮೇಲೆ ಒಂದು ಅಡಿ ಚೌಕ ಹಾಕಿ ಎಣಿಸಿದರೆ ಒಂಬತ್ತು ಬಗೆ ಸಿಕ್ಕಿತಂತೆ. ಬಸ್‌ಸ್ಟ್ಯಾಂಡಿನ ಮರದಲ್ಲಿ ಒಂದೇ ಬಗೆ. ಹೊಗೆಗೆ ಉಳಿದವು ಸತ್ತವು, ಸರಿ. ಆದರೆ ಆ ಒಂದು ಯಾಕೆ ಉಳಿಯಿತು ಮೇಡಂ, ಅಂದ. ಹಾಗಂದವನು ಕಾರಿಡಾರಿನಲ್ಲಿ ನಿಂತು ಹತ್ತು ನಿಮಿಷ ಮಾತಾಡಿದ. ಫೋನಿನಲ್ಲಿ ಫೋಟೊ ತೋರಿಸಿದ. ಪರ್ಸೆಂಟೇಜ್ ಮರೆತೇ ಬಿಟ್ಟಿದ್ದ.

ನನ್ನ ಬಸ್ಸು ನಾಲ್ಕೂವರೆಗೆ. ಊಟ ಆದ ಮೇಲೆ ಸ್ಟಾಫ್ ರೂಮಿಗೆ ಬಾಪ್ಪ, ಬಿಳಿ ಹಾಳೆ ತೊಗೊಂಡು ಬಾ. ಆ ಹತ್ತು ನಿಮಿಷ ಹೇಳಿದ್ದನ್ನೇ ಬರೆಯೋಣ. ಬೇರೆಯವರೂ ಬನ್ನಿ.